ಪ್ರಶ್ನೋತ್ತರ: ಸಂಜೆಯಾದರೆ ಜೋಲುವ ರೆಪ್ಪೆ

ನಿರ್ವಾಹಕರು: ಈ ವಾರ ನಮ್ಮ ಗುಂಪಿನ ಪ್ರಶ್ನೆಗಳಿಗೆ ನರ ಮತ್ತು ಸ್ನಾಯು ರೋಗಗಳ ತಜ್ಞೆಯೊಬ್ಬರು ಉತ್ತರಿಸಲಿದ್ದಾರೆ. ಸ್ನಾಯುವಿನ ರಚನೆ ಮತ್ತು ಚಲನೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಕೇಳಬೇಕೆಂದು, ಎಲ್ಲಿಂದಲೋ ಬಂದ ಫಾರ್ವರ್ಡ್‌ಗಳನ್ನು ಇಲ್ಲಿ ಹಾಕಬಾರದೆಂದು ವಿನಂತಿ.

ವಿದ್ಯಾರ್ಥಿ: ನಮಸ್ಕಾರ ಮೇಡಂ. ಸ್ನಾಯು ಕುಗ್ಗುವಾಗ ಅದರೊಳಗಿನ ಎಳೆಗಳು ರಬ್ಬರಿನಂತೆ ತಾವೇ ಗಿಡ್ಡವಾಗುತ್ತವೆಯೇ?

ವೈದ್ಯೆ: ಇಲ್ಲ, ಎಳೆಗಳ ಉದ್ದ ಹಾಗೆಯೇ ಇರುತ್ತದೆ, ಅವು ಒಂದರ ಪಕ್ಕ ಒಂದು ಜಾರುತ್ತವೆ. ಸ್ನಾಯುವನ್ನು ಬಿಡಿಸುತ್ತ ಹೋದರೆ ಮೊದಲು ಕಟ್ಟುಗಳು, ಕಟ್ಟಿನೊಳಗೆ ಕೂದಲೆಳೆಯಷ್ಟು ಸಣ್ಣ ತಂತುಗಳು, ತಂತುವಿನೊಳಗೆ ಇನ್ನೂ ಸಣ್ಣ ಎಳೆಗಳು ಸಿಗುತ್ತವೆ. ಆ ಎಳೆಯ ಉದ್ದಕ್ಕೂ ಸಾರ್ಕೋಮಿಯರ್ ಎಂಬ ಘಟಕಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಒಂದೊಂದರ ಉದ್ದ ಸುಮಾರು 2.5 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 400 ಹಿಡಿಸುತ್ತವೆ. ಅದರೊಳಗಿನ ದಪ್ಪ ಮಯೋಸಿನ್ ಎಳೆಯ ತಲೆಗಳು ತೆಳು ಆಕ್ಟಿನ್ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಹಿಡಿದದ್ದನ್ನು ಬಿಡುವುದಕ್ಕೆ ಎಟಿಪಿ ಎಂಬ, ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು ಬೇಕು. ಸತ್ತ ದೇಹ ಸೆಟೆದುಕೊಳ್ಳುವುದು ಎಟಿಪಿ ಮುಗಿದು ಆ ತಲೆಗಳು ಹಿಡಿದಲ್ಲೇ ಉಳಿದುಬಿಡುವುದರಿಂದ. ಈ ಜಾರುವಿಕೆಯನ್ನು 1954ರಲ್ಲಿ ಎರಡು ತಂಡಗಳು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಎರಡರಲ್ಲೂ ಒಬ್ಬೊಬ್ಬ ಹಕ್ಸ್‌ಲಿ ಇದ್ದರು, ಆದರೆ ಅವರು ಪರಸ್ಪರ ಸಂಬಂಧಿಗಳಲ್ಲ.

ಓಟಗಾರ: ಹೆಚ್ಚು ಓಡಿದ ಮರುದಿನ ತೊಡೆ ನೋಯುವುದು ಲ್ಯಾಕ್ಟಿಕ್ ಆಮ್ಲ ಶೇಖರವಾಗುವುದರಿಂದಲೇ?

ವೈದ್ಯೆ: ಅಲ್ಲ. ಲ್ಯಾಕ್ಟೇಟ್, ಅಂದರೆ ಆ ಆಮ್ಲ ದೇಹದಲ್ಲಿ ಇರುವ ರೂಪ, ಓಟ ನಿಂತ ಒಂದೆರಡು ಗಂಟೆಗಳಲ್ಲಿ ರಕ್ತದಿಂದ ತೊಲಗಿರುತ್ತದೆ, ನಿಮ್ಮ ನೋವು ಶುರುವಾಗುವುದೇ ಮರುದಿನ. ಇಳಿಜಾರಿನಲ್ಲಿ ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ. ಆಗ ಎಳೆಗಳಿಗೆ ಆಗುವ ಸೂಕ್ಷ್ಮ ಹಾನಿಯೇ ಈ ನೋವಿಗೆ ಮುಖ್ಯ ಕಾರಣ.

ಮಗಳು: ಡಾಕ್ಟರೇ, ನನ್ನ ತಾಯಿಗೆ 58 ವರ್ಷ. ಬೆಳಿಗ್ಗೆ ಏನೂ ತೊಂದರೆ ಇರುವುದಿಲ್ಲ. ಸಂಜೆಯಾಗುತ್ತಲೇ ಎಡಗಣ್ಣಿನ ರೆಪ್ಪೆ ಜೋಲುತ್ತದೆ, ಒಂದು ದೀಪ ಎರಡಾಗಿ ಕಾಣುತ್ತದೆ ಎನ್ನುತ್ತಾರೆ. ಊಟ ಅರ್ಧವಾಗುವಷ್ಟರಲ್ಲಿ ದವಡೆ ಸೋತು, ಗಲ್ಲದ ಕೆಳಗೆ ಕೈ ಕೊಟ್ಟುಕೊಂಡು ಅಗಿಯುತ್ತಾರೆ. ಸ್ವಲ್ಪ ಮಲಗಿ ಎದ್ದರೆ ಸರಿಹೋಗುತ್ತದೆ. ಮನೆಯಲ್ಲಿ ಎಲ್ಲರೂ ವಯಸ್ಸಿನ ದಣಿವು ಎನ್ನುತ್ತಿದ್ದಾರೆ.

ಹಿತೈಷಿ: ಸಹೋದರಿ, ಗಾಬರಿ ಬೇಡ. ನನಗೆ ಬಂದ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ: ಸಕಲ ಸ್ನಾಯು ದೌರ್ಬಲ್ಯಕ್ಕೂ ಮೆಗ್ನೀಸಿಯಂ ಕೊರತೆಯೇ ಮೂಲ. ರಾತ್ರಿ ಎರಡು ಮೆಗ್ನೀಸಿಯಂ ಮಾತ್ರೆ ಕೊಡಿ, ವಾರದಲ್ಲಿ ಗುಣ ಕಾಣುತ್ತದೆ.

ಜಿಮ್ ತರಬೇತುದಾರ: ಮೇಡಂ, ಸ್ನಾಯು ಎಳೆಯುತ್ತದೆ ಎಂದು ಮಾತ್ರ ಬರೆದಿದ್ದೀರಿ. ಗೋಡೆಯನ್ನು ತಳ್ಳುವಾಗ ಸ್ನಾಯು ತಳ್ಳುತ್ತದಲ್ಲವೇ?

ವೈದ್ಯೆ: ಮೊದಲು ಆ ತಾಯಿಯ ಮಗಳಿಗೆ: ಮೆಗ್ನೀಸಿಯಂ ಮಾತ್ರೆಯನ್ನು ಕೊಡಬೇಡಿ. ಕೊಟ್ಟಿದ್ದರೆ ಇಲ್ಲಿಗೇ ನಿಲ್ಲಿಸಿ.

ನೀವು ಬರೆದದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಗಲ್ಲಕ್ಕೆ ಕೊಟ್ಟ ಕೈ. ಬರಿಯ ದಣಿವಾದರೆ ಇಡೀ ದೇಹ ಸೋಲುತ್ತದೆ. ಇಲ್ಲಿ ಬಳಸಿದ ಸ್ನಾಯು ಬಳಸಿದಷ್ಟೂ ಸೋಲುತ್ತಿದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತಿದೆ. ಇದು ಮಯಸ್ತೇನಿಯಾ ಗ್ರಾವಿಸ್ ಎಂಬ ಕಾಯಿಲೆಯ ಲಕ್ಷಣವಿರಬಹುದು. ಅದರಲ್ಲಿ ಕೆಡುವುದು ನರವೂ ಅಲ್ಲ, ಸ್ನಾಯುವಿನ ಎಳೆಗಳೂ ಅಲ್ಲ, ಇವೆರಡೂ ಸಂಧಿಸುವ ಜಾಗ. ನರದ ತುದಿಗೆ ಸಂಕೇತ ಬಂದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಅಲ್ಲಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೊರಬಿದ್ದು ಸ್ನಾಯುವಿನ ಮೇಲೆ ಅದನ್ನು ಹಿಡಿದುಕೊಳ್ಳಲೆಂದೇ ಇರುವ ಗ್ರಾಹಕಗಳಿಗೆ ತಗಲುತ್ತದೆ, ಆಗಲೇ ಸ್ನಾಯು ಕುಗ್ಗಲು ಹೊರಡುವುದು. ಸತತವಾಗಿ ಕೆಲಸ ಮಾಡಿದರೆ ಹೊರಬೀಳುವ ಪೊಟ್ಟಣಗಳು ಎಲ್ಲರಲ್ಲೂ ಕಡಿಮೆಯಾಗುತ್ತವೆ. ಆರೋಗ್ಯವಂತರಲ್ಲಿ ಗ್ರಾಹಕಗಳು ಅಗತ್ಯಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ ಅದು ಗೊತ್ತೇ ಆಗುವುದಿಲ್ಲ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಆ ಗ್ರಾಹಕಗಳ ಮೇಲೆ ಬಿದ್ದಿರುತ್ತದೆ, ಆದ್ದರಿಂದ ಆ ಹೆಚ್ಚುವರಿ ಉಳಿದಿರುವುದಿಲ್ಲ. ರೆಪ್ಪೆ ಮತ್ತು ಕಣ್ಣುಗುಡ್ಡೆಯ ಸ್ನಾಯುಗಳಿಗೆ ಎಚ್ಚರವಿರುವಷ್ಟು ಹೊತ್ತೂ ಬಿಡುವಿಲ್ಲ, ಹಾಗಾಗಿ ಸೋಲು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಇನ್ನು ಮೆಗ್ನೀಸಿಯಂ ವಿಷಯ. ಅದು ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವುದಕ್ಕೆ ಅಡ್ಡ ನಿಲ್ಲುತ್ತದೆ. ಮೊದಲೇ ಕುಂದಿರುವ ಸಂಕೇತವನ್ನು ಇನ್ನಷ್ಟು ಕುಂದಿಸುವ ವಸ್ತುವನ್ನು ಶಕ್ತಿಮದ್ದು ಎಂದು ಹಂಚುವವರಿಗೆ ನಾನು ಏನು ಹೇಳಲಿ?

ಈಗ ನನಗೆ ನಾಲ್ಕು ವಿಷಯ ಬೇಕು. ನೀರು ಕುಡಿದರೆ ಮೂಗಿಗೆ ಬರುತ್ತದೆಯೇ? ಮಾತಾಡುತ್ತ ಹೋದಂತೆ ದನಿ ಮೂಗಿನಿಂದ ಬಂದಂತಾಗುತ್ತದೆಯೇ? ಅಂಗಾತ ಮಲಗಿದರೆ ಉಸಿರು ಕಷ್ಟವೇ? ಇತ್ತೀಚೆಗೆ ಯಾವ ಔಷಧ ತೆಗೆದುಕೊಂಡಿದ್ದಾರೆ? ಜೊತೆಗೆ, ತಲೆಯನ್ನು ಎತ್ತದೆ, ಕಣ್ಣನ್ನು ಮಾತ್ರ ಮೇಲಕ್ಕೆ ಮಾಡಿ ಒಂದು ನಿಮಿಷ ಸೂರನ್ನು ನೋಡಲು ಹೇಳಿ, ರೆಪ್ಪೆಗೆ ಏನಾಗುತ್ತದೆ ಎಂದು ಬರೆಯಿರಿ.

ಹಿತೈಷಿ: ಸದುದ್ದೇಶದಿಂದ ಹೇಳಿದ್ದೆ. ನೈಸರ್ಗಿಕ ಖನಿಜದಿಂದ ಹಾನಿ ಆದೀತೆ?

ವೈದ್ಯೆ: ಆದೀತು. ಮೇಲೆ ಬರೆದಿದ್ದೇನೆ.

ನಿವೃತ್ತ ಶಿಕ್ಷಕ: ತರಬೇತುದಾರರೇ, ಯಾವ ಸ್ನಾಯುವೂ ತಳ್ಳುವುದಿಲ್ಲ. ಗೋಡೆಗೆ ಕೈಕೊಟ್ಟಾಗ ತೋಳಿನ ಹಿಂಬದಿಯ ಸ್ನಾಯು ಮೊಣಕೈಯ ಗುಬುಟನ್ನು ಮೇಲಕ್ಕೆ ಎಳೆಯುತ್ತದೆ, ಮೂಳೆ ಸನ್ನೆಗೋಲಿನಂತೆ ತಿರುಗಿ ಅಂಗೈ ಮುಂದಕ್ಕೆ ಹೋಗುತ್ತದೆ. ಇದು ಶಾಲೆಯ ಪಾಠ.

ಜಿಮ್ ತರಬೇತುದಾರ: ಪಾಠ ಸರಿ, ಸ್ವಾಮಿ. ನಾಲಿಗೆಯನ್ನು ಹೊರಚಾಚಿ ನೋಡಿ. ಅಲ್ಲಿ ಯಾವ ಮೂಳೆ, ಯಾವ ಸನ್ನೆಗೋಲು?

ನಿವೃತ್ತ ಶಿಕ್ಷಕ: ನಾಲಿಗೆ ಅಪವಾದ.

ಜಿಮ್ ತರಬೇತುದಾರ: ಉತ್ತರ ಸಿಗದಿದ್ದಾಗ ಅಪವಾದ ಎನ್ನುವುದೂ ಶಾಲೆಯ ಪಾಠವೇ ಇರಬೇಕು.

ನಿವೃತ್ತ ಶಿಕ್ಷಕ: ಡಂಬೆಲ್ ಎತ್ತಿದ ಮಾತ್ರಕ್ಕೆ ಅಂಗರಚನೆ ಬರುವುದಿಲ್ಲ. ಮಾತಿನಲ್ಲಿ ಮರ್ಯಾದೆ ಇರಲಿ.

ಓದುಗ: ವ್ಯಾಯಾಮ ಬಿಟ್ಟರೆ ಸ್ನಾಯು ಕೊಬ್ಬಾಗಿ ಬದಲಾಗುತ್ತದೆಯೇ?

ವೈದ್ಯೆ: ಇಲ್ಲ. ಅವು ಬೇರೆ ಬೇರೆ ಜೀವಕೋಶಗಳು. ನಾಲಿಗೆ ಅಪವಾದವಲ್ಲ. ಒಂದು ಸ್ನಾಯು ಅದರ ಬುಡವನ್ನು ಗಲ್ಲದ ಕಡೆಗೆ ಎಳೆಯುತ್ತದೆ. ಜೊತೆಗೆ ಅಡ್ಡಡ್ಡಲಾಗಿರುವ ತಂತುಗಳು ಕುಗ್ಗಿದಾಗ, ಗಾತ್ರ ಬದಲಾಗದ ನಾಲಿಗೆ ತೆಳ್ಳಗಾಗಿ ಉದ್ದವಾಗಲೇಬೇಕು. ಅಲ್ಲಿಯೂ ನಡೆದಿರುವುದು ಎಳೆತವೇ. ಈ ಜಗಳವನ್ನು ಇಲ್ಲಿ ಬಿಡಿ.

ಗೃಹಿಣಿ: ರಾತ್ರಿ ಮೀನಖಂಡ ಹಿಡಿದುಕೊಂಡರೆ ಏನು ಮಾಡಬೇಕು?

ವೈದ್ಯೆ: ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ.

ಇನ್ನೊಬ್ಬ ಓದುಗ: ಹೃದಯದ ಸ್ನಾಯುವಿಗೆ ದಣಿವೇಕೆ ಆಗುವುದಿಲ್ಲ?

ಹೊಸ ಸದಸ್ಯ: ವ್ಯಾಯಾಮದ ಮರುದಿನದ ನೋವಿಗೆ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುವ ಪಾನೀಯ ಯಾವುದು?

ವೈದ್ಯೆ: ಮೇಲೆ ಓದಿ.

ಹೊಸ ಸದಸ್ಯ: ಎರಡು ಸಾಲು ಬರೆಯಲು ಇಷ್ಟು ಕೋಪವೇಕೆ?

ಮಗಳು: ಡಾಕ್ಟರೇ, ಸೂರನ್ನು ನೋಡಿಸಿದೆ. ಮೊದಲು ಎರಡೂ ರೆಪ್ಪೆಗಳು ಸಮನಾಗಿದ್ದವು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಎಡಗಡೆಯದು ಕರಿಗುಡ್ಡೆಯ ನಡುವಿನವರೆಗೆ ಇಳಿಯಿತು, ಅಮ್ಮ ಹುಬ್ಬೇರಿಸಿ ಅದನ್ನು ಎತ್ತಲು ಹೆಣಗಿದರು. ನೀರು ಮೂಗಿಗೆ ಬಂದದ್ದು ನಿನ್ನೆ ಒಮ್ಮೆ. ಫೋನಿನಲ್ಲಿ ಮಾತಾಡುತ್ತ ಮಾತಾಡುತ್ತ ದನಿ ಬದಲಾಗುತ್ತದೆ. ಉಸಿರಿನ ತೊಂದರೆ ಇಲ್ಲ. ಮೂತ್ರದ ಸೋಂಕಿಗೆ ಐದು ದಿನದಿಂದ ಸಿಪ್ರೋಫ್ಲಾಕ್ಸಾಸಿನ್ ನಡೆಯುತ್ತಿದೆ. ಮೆಗ್ನೀಸಿಯಂ ಕೊಟ್ಟಿಲ್ಲ.

ವೈದ್ಯೆ: ನಾಳೆಯವರೆಗೆ ಕಾಯಬೇಡಿ. ಸಿಪ್ರೋಫ್ಲಾಕ್ಸಾಸಿನ್ ಕೂಡ ನರ ಮತ್ತು ಸ್ನಾಯು ಸಂಧಿಸುವ ಈ ಜಾಗವನ್ನು ದುರ್ಬಲಗೊಳಿಸುವ ಔಷಧಗಳಲ್ಲೊಂದು. ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆ ಅದನ್ನು ಬರೆದುಕೊಟ್ಟವರಿಗೆ ಫೋನ್ ಮಾಡಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿ, ಸೋಂಕಿಗೆ ಬದಲಿ ಕೇಳಿ. ನುಂಗುವ ಸ್ನಾಯು ಸೋತಿದೆ ಎಂದಾದಮೇಲೆ ಉಸಿರಾಟದ ಸ್ನಾಯುವನ್ನು ನಂಬಿ ಕೂರುವಂತಿಲ್ಲ. ಈ ಸಂಜೆಯೇ ತುರ್ತು ವಿಭಾಗವಿರುವ, ನರರೋಗ ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಿರಿ, ಔಷಧಗಳ ಪಟ್ಟಿಯೂ ಕೈಯಲ್ಲಿರಲಿ. ರಕ್ತದಲ್ಲಿ ಆ ಗ್ರಾಹಕಗಳ ವಿರುದ್ಧದ ಪ್ರತಿಕಾಯಗಳನ್ನು ನೋಡುತ್ತಾರೆ, ನರವನ್ನು ಮತ್ತೆ ಮತ್ತೆ ಉದ್ದೀಪಿಸಿ ಸ್ನಾಯುವಿನ ಪ್ರತಿಕ್ರಿಯೆ ಇಳಿಯುವುದೇ ಎಂದು ಅಳೆಯುತ್ತಾರೆ, ಎದೆಯ ಥೈಮಸ್ ಗ್ರಂಥಿಯ ಸ್ಕ್ಯಾನ್ ಮಾಡಿಸುತ್ತಾರೆ. ಕಾಯಿಲೆ ಇದೇ ಆಗಿದ್ದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ದಾರಿಯಲ್ಲಿ ತಿನ್ನಲು ಏನೂ ಕೊಡಬೇಡಿ.

ಹಿತೈಷಿ: ಹಾಗಾದರೆ ಕಾಲು ಸೆಳೆತಕ್ಕೂ ಮೆಗ್ನೀಸಿಯಂ ಬೇಡವೇ?

ನಿವೃತ್ತ ಶಿಕ್ಷಕ: ನಾಲಿಗೆಯ ವಿಷಯದಲ್ಲಿಯೂ ಎಳೆತವೇ ಎಂದು ಡಾಕ್ಟರು ಹೇಳಿದ್ದನ್ನು ತರಬೇತುದಾರರು ಗಮನಿಸಬೇಕು.

ಜಿಮ್ ತರಬೇತುದಾರ: ಅಪವಾದ ಎಂದವರು ನೀವು.

ಮಗಳು: ಹೊರಟಿದ್ದೇವೆ, ಡಾಕ್ಟರೇ.