ಜರ್ಮನಿಯ ಶಾಲೆಯಲ್ಲಿ ಮಗ ಬಾಯಿ ಬಿಡುತ್ತಿಲ್ಲ, ವಾಪಸ್ ಕರೆಸಿಕೊಳ್ಳಬೇಕೇ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಹದಿನಾರು ವರ್ಷದ ನಮ್ಮ ಮಗ ಎಸ್ಸೆಸ್ಸೆಲ್ಸಿ ಮುಗಿಸಿ, ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಡಿ ಹತ್ತು ತಿಂಗಳ ಮಟ್ಟಿಗೆ ಜರ್ಮನಿಯ ಹ್ಯಾನೋವರ್ ಸಮೀಪದ ಸಣ್ಣ ಊರಿಗೆ ಹೋಗಿದ್ದಾನೆ. ಸೆಪ್ಟೆಂಬರಿನಲ್ಲಿ ಹೋದವನಿಗೆ ಅಲ್ಲಿ ಈಗ ಮೂರು ತಿಂಗಳು ತುಂಬಿದೆ. ಶಿವಮೊಗ್ಗದಲ್ಲಿ ಚರ್ಚಾಸ್ಪರ್ಧೆಗೆ ಹೋದರೆ ಬಹುಮಾನವಿಲ್ಲದೆ ಮನೆಗೆ ಬರದಿದ್ದ ಹುಡುಗ ಅಲ್ಲಿ ತರಗತಿಯಲ್ಲಿ ತುಟಿ ಬಿಚ್ಚುವುದಿಲ್ಲವೆಂದು ಶಿಕ್ಷಕರು ಹೇಳಿದ್ದಾರಂತೆ. ಇತಿಹಾಸದಲ್ಲಿ ‘ಐದು’ ಬಂದಿದೆ ಎಂದಾಗ ನಾನು ಐದಕ್ಕೆ ಐದು ಎಂದುಕೊಂಡು ಪಕ್ಕದ ಮನೆಯವರಿಗೂ ಹೇಳಿಬಿಟ್ಟಿದ್ದೆ; ಅಲ್ಲಿ ಒಂದು ಎಂದರೆ ಅತ್ಯುತ್ತಮ, ಆರು ಎಂದರೆ ತೀರಾ ಕಳಪೆ ಎಂಬುದು ಆಮೇಲೆ ತಿಳಿಯಿತು.

ರಾತ್ರಿ ಊಟಕ್ಕೆ ತಣ್ಣನೆಯ ಬ್ರೆಡ್ಡು ಮತ್ತು ಚೀಸು. ಹೊಟ್ಟೆ ತುಂಬುವುದಿಲ್ಲ ಎನ್ನುತ್ತಾನೆ. ಅದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿರುವುದೆಂದರೆ, ಆ ಮನೆಯ ಯಜಮಾನಿ ಪ್ರತಿದಿನ ಬೆಳಿಗ್ಗೆ, ಅಂಥ ಚಳಿಯಲ್ಲಿಯೂ, ಅವನ ಕೋಣೆಯ ಕಿಟಕಿಗಳನ್ನು ಪೂರ್ತಿ ತೆರೆದು ಹೋಗುತ್ತಾರಂತೆ. ನಾನು ಕಟ್ಟಿಕೊಟ್ಟ ಚಟ್ನಿಪುಡಿಯ ವಾಸನೆ ಅವರಿಗೆ ಆಗುತ್ತಿಲ್ಲ, ಆದರೆ ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ಅವನ ಅನುಮಾನ. ದಿನವೂ ನಮ್ಮ ರಾತ್ರಿ ಒಂಬತ್ತಕ್ಕೆ ಒಂದು ಗಂಟೆ ಫೋನಿನಲ್ಲಿ ಮಾತಾಡುತ್ತೇನೆ. ಅರ್ಧ ಹೊತ್ತು ಅಳುವುದರಲ್ಲೇ ಕಳೆಯುತ್ತದೆ. ಕರೆಸಿಬಿಡಿ ಎನ್ನುತ್ತಾರೆ ನಮ್ಮ ಅತ್ತೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ನೆಕ್ಕರ್ ದಂಡೆ:
ಮೇಡಂ, ನಾನು ಸ್ಟುಟ್‌ಗಾರ್ಟ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ, ನನ್ನ ಇಬ್ಬರು ಮಕ್ಕಳೂ ಇಲ್ಲಿಯ ಶಾಲೆಯಲ್ಲೇ ಓದುತ್ತಿದ್ದಾರೆ. ಮೊದಲು ಕಿಟಕಿಯ ವಿಷಯ: ಅದಕ್ಕೂ ಚಟ್ನಿಪುಡಿಗೂ ಏನೇನೂ ಸಂಬಂಧವಿಲ್ಲ. ಇಲ್ಲಿಯ ಮನೆಗಳನ್ನು ಗಾಳಿಯಾಡದಂತೆ ಬಿಗಿಯಾಗಿ ಕಟ್ಟಿರುತ್ತಾರೆ. ಚಳಿಗಾಲದಲ್ಲಿ ಒಳಗಿನ ತೇವ ಹೊರಹೋಗದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ದಿನಕ್ಕೆರಡು ಬಾರಿಯಾದರೂ ಐದು ಹತ್ತು ನಿಮಿಷ ಕಿಟಕಿ ತೆರೆದಿಡುವುದು ಇವರಿಗೆ ನಮ್ಮಲ್ಲಿ ಅಂಗಳಕ್ಕೆ ನೀರು ಹಾಕಿದಷ್ಟೇ ಸಹಜ. ಇದಕ್ಕೆ ‘ಲ್ಯುಫ್ಟನ್’ ಎನ್ನುತ್ತಾರೆ. ನಾಳೆಯಿಂದ ಅವನೇ ಎದ್ದೊಡನೆ ಕಿಟಕಿ ತೆರೆಯಲಿ, ಆಕೆಗೆ ಖುಷಿಯಾಗುತ್ತದೆ.

ತರಗತಿಯಲ್ಲಿನ ಮೌನವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮೇಷ್ಟ್ರು ಕೇಳಿದಾಗ ಮಾತ್ರ ಉತ್ತರಿಸುವುದು ನಮ್ಮಲ್ಲಿ ವಿನಯವೆನಿಸಿಕೊಳ್ಳುತ್ತದೆ. ಇಲ್ಲಿ ಅದು ಪಾಠದಲ್ಲಿ ಆಸಕ್ತಿಯಿಲ್ಲ ಎಂಬುದರ ಗುರುತು. ಎಷ್ಟೋ ವಿಷಯಗಳಲ್ಲಿ ಅಂತಿಮ ಅಂಕದ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಪಾಲು, ತರಗತಿಯಲ್ಲಿ ತಾನಾಗಿ ಬೆರಳೆತ್ತಿ ಮಾತಾಡಿದ್ದಕ್ಕೇ ಮೀಸಲು. ಎತ್ತುವುದೂ ಅಂಗೈಯನ್ನಲ್ಲ, ತೋರುಬೆರಳನ್ನು ಮಾತ್ರ. ವ್ಯಾಕರಣ ಸರಿಯಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಹಿಂದಿನ ರಾತ್ರಿ ಪಾಠ ಓದಿಕೊಂಡು ಒಂದೇ ಒಂದು ವಾಕ್ಯವನ್ನೋ ಪ್ರಶ್ನೆಯನ್ನೋ ಬರೆದುಕೊಂಡು ಹೋಗಿ, ಪಾಠ ಮುಂದುವರಿದು ಕೈಮೀರುವ ಮೊದಲೇ, ಆರಂಭದ ಹತ್ತು ನಿಮಿಷದೊಳಗೆ ಅದನ್ನು ಹೇಳಿಬಿಡಲಿ. ಇನ್ನು ಹಿರಿಯರಿಗೆ ‘ಝೀ’, ಸಲುಗೆಯವರಿಗೆ ‘ಡೂ’ ಎಂಬ ಭೇದ ಇಂಗ್ಲಿಷಿನಿಂದ ಬಂದವರನ್ನು ಗೋಳುಹೊಯ್ದುಕೊಳ್ಳುತ್ತದೆ. ನೀವು, ನೀನು ಎನ್ನುತ್ತ ಬೆಳೆದ ನಮ್ಮ ಮಕ್ಕಳಿಗೆ ಅದೊಂದು ಬಿಟ್ಟಿ ಲಾಭ.

ಹಳೆಯ ವಿನಿಮಯ ವಿದ್ಯಾರ್ಥಿನಿ:
ಅಕ್ಕಾ, ನಾನು 2013ರಲ್ಲಿ ಹುಬ್ಬಳ್ಳಿಯಿಂದ ಜರ್ಮನಿಗೆ ಇದೇ ರೀತಿ ಹೋಗಿದ್ದೆ, ಮೊದಲ ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದೆ. ಕಾರಣ ಬ್ರೆಡ್ಡಲ್ಲ, ನನ್ನ ‘ಬೇಡ’. ನಮ್ಮಲ್ಲಿ ಯಾರಾದರೂ ಬಡಿಸಲು ಬಂದರೆ ಮೊದಲು ಬೇಡ ಎನ್ನುತ್ತೇವೆ, ಅವರು ಒತ್ತಾಯ ಮಾಡುತ್ತಾರೆ, ಮೂರನೆಯ ಸಲಕ್ಕೆ ತಟ್ಟೆ ಮುಂದೊಡ್ಡುತ್ತೇವೆ. ಅಲ್ಲಿ ಬೇಡ ಎಂದರೆ ಬೇಡವೇ. ಪಾತ್ರೆ ಆಚೆಗೆ ಹೋಗುತ್ತದೆ, ಇನ್ನೊಮ್ಮೆ ಕೇಳಿದರೆ ನಿಮ್ಮ ಮಾತಿಗೆ ಬೆಲೆ ಕೊಡದಂತೆ ಎಂದು ಅವರು ಭಾವಿಸುತ್ತಾರೆ. ಹಲವು ಮನೆಗಳಲ್ಲಿ ಬಿಸಿ ಊಟ ಮಧ್ಯಾಹ್ನದ್ದು, ರಾತ್ರಿಗೆ ಬ್ರೆಡ್ಡು. ಆದರೆ ‘ನನಗೆ ಹಸಿವಾಗಿದೆ, ಅನ್ನ ಮಾಡಿಕೊಳ್ಳಬಹುದೇ’ ಎಂದು ನೇರವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಒಂದು ಭಾನುವಾರ ಚಿತ್ರಾನ್ನ ಮಾಡಿದ ಮೇಲೆಯೇ ಆ ಅಡುಗೆಮನೆಯಲ್ಲಿ ನನಗೆ ಕೈಯಾಡಿತು. ಸಾಮಾನನ್ನು ಮಾತ್ರ ಶನಿವಾರವೇ ತರಬೇಕು, ಭಾನುವಾರ ಅಂಗಡಿ ಮುಚ್ಚಿರುತ್ತವೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ನಿಮ್ಮ ರಾತ್ರಿ ಒಂಬತ್ತು ಈಗ ಅವನಿಗೆ ಸಂಜೆ ನಾಲ್ಕೂವರೆ. ಡಿಸೆಂಬರಿನಲ್ಲಿ ಆಗಲೇ ಕತ್ತಲಾಗಿರುತ್ತದೆ, ಮತ್ತು ಓರಗೆಯ ಹುಡುಗರು ಮನೆಯಿಂದ ಹೊರಡುವ ಹೊತ್ತೂ ಅದೇ. ಅಲ್ಲಿ ಆಟೋಟವೆಲ್ಲ ಹೆಚ್ಚಾಗಿ ಶಾಲೆಯಲ್ಲಲ್ಲ, ಊರಿನ ಕ್ಲಬ್ಬುಗಳಲ್ಲಿ. ಸಣ್ಣ ಊರುಗಳಲ್ಲಿ ಅಗ್ನಿಶಾಮಕ ದಳಕ್ಕೂ ಮಕ್ಕಳ ಘಟಕವಿರುತ್ತದೆ. ನನಗೆ ಗೆಳತಿಯರು ಸಿಕ್ಕಿದ್ದು ತರಗತಿಯಲ್ಲಲ್ಲ, ಟೇಬಲ್ ಟೆನಿಸ್ ಮೇಜಿನ ಬಳಿ. ಆ ಒಂದು ಗಂಟೆಯನ್ನು ಈಗ ನೀವು ತೆಗೆದುಕೊಳ್ಳುತ್ತಿದ್ದೀರಿ.

ನಿವೃತ್ತ ಉಪನ್ಯಾಸಕ:
ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಹೊಂದಾಣಿಕೆಯ ಲೆಕ್ಕಕ್ಕೆ ಹಾಕಬಾರದು. ನಿದ್ದೆ ಕೆಟ್ಟಿದ್ದರೆ, ಶಾಲೆಗೇ ಹೋಗುತ್ತಿಲ್ಲವಾದರೆ, ಆ ಮನೆಯಲ್ಲಿ ಭಯವೆನಿಸುತ್ತಿದ್ದರೆ, ಕಾರ್ಯಕ್ರಮದವರು ಅಲ್ಲಿ ಅವನಿಗಾಗಿ ನೇಮಿಸಿರುವ ಸ್ಥಳೀಯ ಸ್ವಯಂಸೇವಕರಿಗೆ ಅವನೇ ಕೂಡಲೇ ತಿಳಿಸಲಿ. ಮನೆ ಬದಲಿಸಿಕೊಡುವ ಅವಕಾಶವಿರುತ್ತದೆ, ಅದು ಅವಮಾನವಲ್ಲ. ಅಂಕದ ಚಿಂತೆ ಬಿಡಿ. ನನ್ನ ಮೊಮ್ಮಗಳು ಹೀಗೆಯೇ ಹೋಗಿ ಬಂದು ಒಂದು ವರ್ಷ ತಡವಾಗಿ ಪಿಯುಸಿ ಸೇರಿದಳು. ಅಲ್ಲಿನ ಅಂಕಪಟ್ಟಿಯನ್ನು ಇಲ್ಲಿ ಯಾರೂ ಕೇಳಲಿಲ್ಲ.

ತುಂಗಾತೀರ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಅವನನ್ನು ವಿಚಾರಿಸಿದೆ: ಭಯವೇನೂ ಇಲ್ಲ, ನಿದ್ದೆ ಬರುತ್ತದೆ. ಹೋದ ಮೊದಲ ದಿನವೇ ಬೇಯಿಸಿದ ಆಲೂಗಡ್ಡೆಗೆ ಬೇಡ ಎಂದನಂತೆ. ಇವನಿಗೆ ಅದು ಸೇರದೆಂದುಕೊಂಡು ಮೂರು ತಿಂಗಳಿಂದ ಅವನ ಕಡೆಗೆ ಆ ಬಟ್ಟಲನ್ನು ಚಾಚಿಯೇ ಇಲ್ಲವಂತೆ. ಫೋನು ಇನ್ನು ಭಾನುವಾರ ಮಾತ್ರ ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ. ಅತ್ತೆಯವರು ಇನ್ನೂ ಒಪ್ಪಿಲ್ಲ.