ಮಗಳು ಮಿಡ್‌ಫೀಲ್ಡ್ ಆಡುತ್ತಾಳೆ, ಗೋಲು ಹೊಡೆಯುವುದಿಲ್ಲ. ಮುಂದೆ ದಾರಿ ಇದೆಯಾ?

ತೀರ್ಥಹಳ್ಳಿ ಅಮ್ಮ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ, ಎರಡು ಎಕರೆ ಅಡಿಕೆ ತೋಟ. ಮಗಳು ಒಂಬತ್ತನೇ ಕ್ಲಾಸು. ಕೊಯ್ಲು ಮುಗಿದ ಗದ್ದೆಯಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡಿ ಕಲಿತವಳು. ಮೊನ್ನೆ ಒಂದು ಸೆಲೆಕ್ಷನ್‌ಗೆ ಮಳೆಯಲ್ಲೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಗೋಲು ಹೊಡೆದ ಇಬ್ಬರ ಹೆಸರು ಬರೆದುಕೊಂಡರು, ಆ ಎರಡೂ ಗೋಲಿಗೆ ಚೆಂಡು ಕೊಟ್ಟವಳು ಇವಳು, ಇವಳ ಹೆಸರು ಕೇಳಲೇ ಇಲ್ಲ. ವಾಪಸ್ ಬರುವಾಗ ಊರು ಮುಟ್ಟುವವರೆಗೂ ಒಂದು ಮಾತಾಡಲಿಲ್ಲ.

ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಆಟ ಸಾಕು ಅನ್ನುತ್ತಾರೆ ನಮ್ಮ ಮನೆಯವರು. ನನಗೆ ಆಟ ಅಷ್ಟು ತಿಳಿಯುವುದಿಲ್ಲ. ನಡುವಿನಲ್ಲಿ ಆಡುವ ಹುಡುಗಿಯನ್ನು ಯಾರಾದರೂ ಗುರುತಿಸುತ್ತಾರಾ? ಎಷ್ಟು ವರ್ಷ ಆಡಬಹುದು? ಹೊಟ್ಟೆಪಾಡು ನಡೆಯುತ್ತದಾ?

ಸಾಗರದ ಪಿಇ ಮೇಷ್ಟ್ರು
ಗುರುತಿಸುತ್ತಾರೆ ಅಮ್ಮ, ನೋಡಲು ಬರುವವರು ಗುರುತಿಸುತ್ತಾರೆ. ಜಗತ್ತಿನ ಅತ್ಯುತ್ತಮ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ 2021ರಿಂದ 2025ರವರೆಗೆ ಐದೂ ಸಲ ಮಿಡ್‌ಫೀಲ್ಡರ್‌ಗಳಿಗೇ ಹೋಗಿದೆ. ಮೊದಲ ಎರಡು ಅಲೆಕ್ಸಿಯಾ ಪುಟೆಯಾಸ್, ಆಮೇಲಿನ ಮೂರು ಐತಾನಾ ಬೊನ್ಮತಿ, ಇಬ್ಬರೂ ಬಾರ್ಸಿಲೋನಾ ತಂಡದವರು. 2023ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ ಹೊಡೆದ ಒಂದೇ ಒಂದು ಗೋಲು ಡಿಫೆಂಡರ್ ಒಬ್ಬರದ್ದು, ಆದರೆ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಆದದ್ದು ಬೊನ್ಮತಿ.

ನೀವು ಒಂದು ವಿಷಯ ನೋಡಿ. ಚೆಂಡು ಅವಳ ಕಾಲಿಗೆ ಬರುವ ಮೊದಲೇ ಅವಳು ಆ ಕಡೆ ಈ ಕಡೆ ಕತ್ತು ತಿರುಗಿಸಿ ನೋಡಿಕೊಳ್ಳುತ್ತಾಳಾ? ಇಪ್ಪತ್ತು ವರ್ಷದಿಂದ ಮಕ್ಕಳನ್ನು ಆಡಿಸುತ್ತಿದ್ದೇನೆ, ಓಟ ಕಲಿಸಬಹುದು, ಕಿಕ್ ಕಲಿಸಬಹುದು, ಆ ನೋಟ ತಾನಾಗಿ ಬಂದ ಮಕ್ಕಳು ತುಂಬಾ ಕಡಿಮೆ.

ಭದ್ರಾವತಿ ಫುಟ್‌ಬಾಲ್
ಎಷ್ಟು ವರ್ಷ ಅಂತ ಕೇಳಿದಿರಲ್ಲ ಅಕ್ಕಾ, ಫೋರ್ಮಿಗಾ ಬಗ್ಗೆ ಹೇಳಲೇಬೇಕು. ಬ್ರೆಜಿಲ್‌ನ ಮಿಡ್‌ಫೀಲ್ಡರ್. ಫೋರ್ಮಿಗಾ ಅಂದರೆ ಅವರ ಭಾಷೆಯಲ್ಲಿ ಇರುವೆ, ಮೈದಾನದ ತುಂಬಾ ಬಿಡುವಿಲ್ಲದೆ ದುಡಿಯುವವಳು. ಅವರು ಹುಟ್ಟಿದ್ದು 1978ರಲ್ಲಿ, ಆಗ ಬ್ರೆಜಿಲ್‌ನಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದಕ್ಕೇ ಕಾನೂನಿನ ನಿಷೇಧ ಇತ್ತು, ಅದು ತೆಗೆದದ್ದು ಮರುವರ್ಷ. ಅಂಥ ಕಡೆಯಿಂದ ಬಂದು 1995ರಿಂದ 2019ರವರೆಗೆ ಏಳು ವಿಶ್ವಕಪ್ ಆಡಿದರು. ಕೊನೆಯದು ಆಡುವಾಗ 41 ವರ್ಷ! ಒಲಿಂಪಿಕ್ಸ್‌ನಲ್ಲಿ ಮಹಿಳಾ ಫುಟ್‌ಬಾಲ್ ಶುರುವಾದದ್ದು 1996ರಲ್ಲಿ, ಅಲ್ಲಿಂದ ಟೋಕಿಯೋವರೆಗೆ ಒಂದನ್ನೂ ಬಿಡಲಿಲ್ಲ, ಎರಡು ಬೆಳ್ಳಿ ಪದಕ ಬಂತು.

ದೇಶಕ್ಕಾಗಿ ಅವರ ಕೊನೆಯ ಮ್ಯಾಚ್ ಯಾರ ಮೇಲೆ ಗೊತ್ತಾ? ನಮ್ಮ ಭಾರತದ ಮೇಲೆ. 2021ರ ನವೆಂಬರ್, ಮನೌಸ್ ಊರಿನಲ್ಲಿ. ನಾವು 6-1ರಲ್ಲಿ ಸೋತೆವು, ಆ ಒಂದು ಗೋಲು ಹೊಡೆದದ್ದು ಪಂಜಾಬಿನ ಹಳ್ಳಿ ಹುಡುಗಿ ಮನೀಷಾ ಕಲ್ಯಾಣ್. ಮರುವರ್ಷವೇ ಮನೀಷಾ ಸೈಪ್ರಸ್ ಕ್ಲಬ್ ಸೇರಿ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದರು, ಅಲ್ಲಿ ಆಡಿದ ಮೊದಲ ಭಾರತೀಯಳು. ಆ ಮ್ಯಾಚ್ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ತೀರ್ಥಹಳ್ಳಿ ಅಮ್ಮ
ಮೇಷ್ಟ್ರೇ, ನೀವು ಹೇಳಿದ್ದು ಓದಿ ಒಂದು ನಿಮಿಷ ಸುಮ್ಮನೆ ಕೂತುಬಿಟ್ಟೆ. ಆಡುವಾಗ ಅವಳು ಹಿಂದೆ ತಿರುಗಿ ತಿರುಗಿ ನೋಡುತ್ತಾಳೆ. ಗಮನ ಇಲ್ಲ, ಯಾರನ್ನು ಹುಡುಕುತ್ತೀಯಾ ಅಂತ ನಾನೇ ಎಷ್ಟೋ ಸಲ ಬೈದಿದ್ದೇನೆ.

ಇನ್ನೊಂದು ಭಯ ಇದೆ. ಕೆಸರಿನಲ್ಲಿ ಆಡಿ ಕಾಲು ಕೆಟ್ಟರೆ ಏನು ಗತಿ?

ಶಿವಮೊಗ್ಗದವಳು, ಈಗ ಬೆಂಗಳೂರು
ಅಕ್ಕಾ, ನಾನು ಯೂನಿವರ್ಸಿಟಿ ಮಟ್ಟದವರೆಗೆ ಆಡಿದವಳು, ಅದೂ ಮಿಡ್‌ಫೀಲ್ಡ್. ಡಿಗ್ರಿ ಎರಡನೇ ವರ್ಷ ಮೊಣಕಾಲು ತಿರುಚಿತು, ಒಳಗೆ 'ಟಪ್' ಅಂತ ಸದ್ದು ಕೇಳಿಸಿತು. ಉಳುಕು ಅಂತ ಎಣ್ಣೆ ಹಚ್ಚಿ ನೀವಿದರು, ನಾನು ಮೂರು ವಾರಕ್ಕೆ ಮತ್ತೆ ಆಡಲು ಹೋದೆ. ಆಮೇಲೆ ಗೊತ್ತಾಯಿತು ಎಸಿಎಲ್ ಎಂಬ ಲಿಗಮೆಂಟ್, ಅಂದರೆ ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದಿದೆ ಅಂತ. ಗಂಡುಮಕ್ಕಳಿಗಿಂತ ನಮಗೆ ಇದು ಜಾಸ್ತಿ ಆಗುತ್ತದೆ, ಆದರೆ ಇದರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಫಿಫಾದ '11 ಪ್ಲಸ್' ಅಂತ 20 ನಿಮಿಷದ ವಾರ್ಮ್‌ಅಪ್ ಇದೆ, ಯೂಟ್ಯೂಬಿನಲ್ಲಿ ಸಿಗುತ್ತದೆ, ದುಡ್ಡು ಬೇಡ. ಮಗಳು ಆಡುವ ಮೊದಲು ದಿನಾ ಮಾಡಲಿ. ಮೊಣಕಾಲು ಊದಿದರೆ ನೀವುವುದು ಬೇಡ, ಮೂಳೆ ಡಾಕ್ಟರಿಗೆ ತೋರಿಸಿ. ಹಾಗಂತ ಕಾಲು ಹೋದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಮೇಷ್ಟ್ರು ಹೇಳಿದ ಅಲೆಕ್ಸಿಯಾಗೆ 2022ರ ಜುಲೈನಲ್ಲಿ, ಯುರೋ ಕಪ್ ಶುರುವಾಗುವ ಹಿಂದಿನ ದಿನ ಇದೇ ಲಿಗಮೆಂಟ್ ಹರಿಯಿತು. ಮುಂದಿನ ವರ್ಷ ಅವರೂ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಬರೀ ಕ್ಲಬ್ ಸಂಬಳ ನಂಬಿ ಕೂರುವುದು ಕಷ್ಟ. ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದೇ 2016-17ರಲ್ಲಿ. ಆದರೆ ಕೆಲಸ ಸಿಗುತ್ತದೆ. ಮಣಿಪುರದ ಬೆಂಬೆಮ್ ದೇವಿ ಕೂಡ ಮಿಡ್‌ಫೀಲ್ಡರ್, 1995ರಿಂದ 2016ರವರೆಗೆ ದೇಶಕ್ಕೆ ಆಡಿದರು, ಮಣಿಪುರ ಪೊಲೀಸ್‌ನಲ್ಲಿ ನೌಕರಿ, 2020ರಲ್ಲಿ ಪದ್ಮಶ್ರೀ. 2025ರ ಜುಲೈನಲ್ಲಿ ಥಾಯ್ಲೆಂಡ್ ಮೇಲೆ 2-1ರಲ್ಲಿ ಗೆದ್ದು ನಮ್ಮವರು ಏಷ್ಯನ್ ಕಪ್‌ಗೆ ಅರ್ಹತೆ ಪಡೆದರಲ್ಲ, ಅರ್ಹತಾ ಸುತ್ತು ಆಡಿ ಹಾಗೆ ಗೆದ್ದದ್ದು ಅದೇ ಮೊದಲು, ಆ ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದ್ದು. ಅವರೂ ಮಿಡ್‌ಫೀಲ್ಡರೇ. ನಮ್ಮ ಬೆಂಗಳೂರಿನಲ್ಲೇ ಕಿಕ್‌ಸ್ಟಾರ್ಟ್ ಇದೆ, 2023ರಲ್ಲಿ ಲೀಗ್ ಫೈನಲ್‌ವರೆಗೆ ಹೋದ ತಂಡ. ಎಸ್‌ಎಸ್‌ಎಲ್‌ಸಿ ಖಂಡಿತ ಬರೆಯಲಿ, ಸ್ಪೋರ್ಟ್ಸ್ ಕೋಟಾದ ಕೆಲಸಕ್ಕೂ ಮಾರ್ಕ್ಸ್ ಕಾರ್ಡ್ ಬೇಕೇ ಬೇಕು.

ಈಗ ನೀವು ಮಾಡಬೇಕಾದ್ದು ಅಂದರೆ ಒಂದು ಪೂರ್ತಿ ಮ್ಯಾಚಿನ ವಿಡಿಯೋ. ಗೋಲಿನ ಹಿಂದೆ ನಿಲ್ಲಬೇಡಿ, ನಡುಗೆರೆ ಹತ್ತಿರ ಸ್ವಲ್ಪ ಎತ್ತರದಲ್ಲಿ ನಿಂತು ಫೋನ್ ಅಡ್ಡ ಹಿಡಿಯಿರಿ. ಚೆಂಡಿನ ಹಿಂದೆ ಹೋಗಬೇಡಿ, ಚೆಂಡು ಇಲ್ಲದಾಗ ಅವಳು ಎಲ್ಲಿ ನಿಲ್ಲುತ್ತಾಳೆ ಅನ್ನುವುದು ಕಾಣಬೇಕು. ಕೋಚ್‌ಗಳು ನೋಡುವುದು ಅದನ್ನೇ.

ತೀರ್ಥಹಳ್ಳಿ ಅಮ್ಮ
ಶನಿವಾರ ಶಿವಮೊಗ್ಗದಲ್ಲಿ ಮ್ಯಾಚ್ ಇದೆ ತಂಗಿ. ನಮ್ಮ ಮನೆಯವರನ್ನೂ ಕರೆದುಕೊಂಡು ಹೋಗುತ್ತೇನೆ, ನಾನು ಕೊಡೆ ಹಿಡಿಯುತ್ತೇನೆ, ಅವರು ಫೋನ್ ಹಿಡಿಯಲಿ.