‘ಸೇನೆಗೆ ಸೇರಿಸಿಕೊಂಡರು’ ಅಂದರೆ ಸಾಕೇ?

ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನಡೆದ ವಿಮಾನ ತರಬೇತಿಯ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಿವಿಲಿಯನ್ ಬೋಧಕರನ್ನು ಸೇನೆಗೆ ‘ಎನ್‌ಲಿಸ್ಟ್’ ಮಾಡಿದರು ಎಂಬಲ್ಲಿ ಗಾಡಿ ನಿಂತಿದೆ.

1939ರಲ್ಲಿ ಅಲ್ಲಿನ ಸೇನೆ ಮೊದಲ ಹಂತದ ಹಾರಾಟ ಕಲಿಸುವ ಕೆಲಸವನ್ನು ಖಾಸಗಿ ಶಾಲೆಗಳಿಗೆ ಗುತ್ತಿಗೆ ಕೊಟ್ಟಿತು. ಕಲಿಯುವವರು ಸೇನೆಯ ಕೆಡೆಟ್‌ಗಳು, ಕಲಿಸುವವರು ಶಾಲೆಯ ಸಂಬಳಗಾರರು. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿದ್ದ ಮೋಟನ್ ಫೀಲ್ಡ್ ಎಂಬ ವಿಮಾನ ಮೈದಾನದಲ್ಲಿ ಕಪ್ಪು ವರ್ಣೀಯ ಪೈಲಟ್‌ಗಳಿಗೆ ಕಲಿಸಿದ ಚಾರ್ಲ್ಸ್ ಆಲ್ಫ್ರೆಡ್ ಆಂಡರ್ಸನ್ ಕೂಡ ಹೀಗೆ ಸೇನೆಯ ಹೊರಗಿನವರೇ. ಆದರೆ 1940ರ ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಸೇನಾಸೇವೆಯ ಕಾನೂನು ಬಂತು. ಬೋಧಕನನ್ನೇ ಎಳೆದೊಯ್ದು ಕೈಗೆ ಬಂದೂಕು ಕೊಟ್ಟರೆ ಪೈಲಟ್‌ಗಳನ್ನು ತಯಾರು ಮಾಡುವವರು ಯಾರು? ಹಾಗಾಗಿ ಮುಂದೆ ಅನೇಕರ ಹೆಸರನ್ನು ಎನ್‌ಲಿಸ್ಟೆಡ್ ರಿಸರ್ವ್‌ನಲ್ಲಿ, ಅಂದರೆ ಬೇಕಾದಾಗ ಸೇವೆಗೆ ಕರೆಯಬಹುದಾದವರ ಪಟ್ಟಿಯಲ್ಲಿ, ಬರೆಸಿಕೊಂಡು, ಇದ್ದ ಶಾಲೆಯಲ್ಲೇ ಕಲಿಸಲು ಬಿಟ್ಟರು.

ಇದಕ್ಕೆ ‘ನೇಮಕಾತಿ’ ಹೊಂದುವುದಿಲ್ಲ, ಅವರನ್ನು ನೇಮಿಸಿದ್ದು ಶಾಲೆ. ‘ಭರ್ತಿ’ ಎಂದರೆ ಸಮವಸ್ತ್ರ, ಬ್ಯಾರಕ್ಕು ಎಲ್ಲ ಹಿಂದೆಯೇ ಬರುತ್ತವೆ. ‘ದಂಡಿಗೆ ಸೇರಿದ’ ಅನ್ನುವುದು ಕಿವಿಗೆ ಸೊಗಸು, ಆದರೆ ಈ ಜನ ದಂಡಿನ ಕಡೆ ಹೋಗಿಯೇ ಇಲ್ಲ! ‘ಮೀಸಲು ಪಟ್ಟಿಗೆ ಸೇರಿಸಿಕೊಂಡರು’ ಎಂದು ಸದ್ಯ ಬರೆದಿದ್ದೇನೆ. ‘ಮೀಸಲು ಪಡೆ’ ಅಂದರೆ ಓದುಗರಿಗೆ ಪೊಲೀಸ್ ವ್ಯಾನು ನೆನಪಾಗುತ್ತದೆಂದು ‘ಪಡೆ’ ಬಿಟ್ಟೆ.

ಇಷ್ಟು ಎಳೆಯುವುದಕ್ಕೆ ಕಾರಣ ಮುಂದಿನ ಭಾಗ. 1944ರ ಹೊತ್ತಿಗೆ ಪೈಲಟ್‌ಗಳು ಸಾಕಷ್ಟಾದರು, ತರಬೇತಿ ಶಾಲೆಗಳು ಮುಚ್ಚತೊಡಗಿದವು, ಬೋಧಕರಿಗಿದ್ದ ರಕ್ಷಣೆ ಹೋಯಿತು. ಕಾಲಾಳುಗಳಾಗಿ ಹೋಗಬೇಕಾದೀತೆಂದು ಅವರು ಗಲಾಟೆ ಎಬ್ಬಿಸಿದರು. ಪಟ್ಟಿಗೆ ಸೇರಿಸಿದಾಗಲೇ ‘ಸೇನೆಗೆ ಸೇರಿದರು’ ಎಂದು ನಾನು ಬರೆದುಬಿಟ್ಟರೆ, ಈ ಗಲಾಟೆ ಯಾಕೆಂದು ಓದುಗರಿಗೆ ಹೇಗೆ ತಿಳಿಯಬೇಕು? ಅದೇ ವರ್ಷ ವಾಸ್ಪ್ ಎಂಬ ಮಹಿಳಾ ಪೈಲಟ್‌ಗಳನ್ನು ಸೇನೆಯೊಳಕ್ಕೆ ತೆಗೆದುಕೊಳ್ಳುವ ಮಸೂದೆಯೂ ಬಂತು. ಅವರೂ ಸೇನೆಯ ಹೊರಗಿನವರೇ. ಕೆಲಸ ಕಳೆದುಕೊಳ್ಳುತ್ತಿದ್ದ ಗಂಡು ಬೋಧಕರು ಅದರ ವಿರುದ್ಧ ನಿಂತರು. ಜೂನ್‌ನಲ್ಲಿ ಮಸೂದೆ ಬಿತ್ತು, ಡಿಸೆಂಬರ್ 20ಕ್ಕೆ ವಾಸ್ಪ್ ವಿಸರ್ಜನೆಯಾಯಿತು. ಇಲ್ಲಿರುವ ‘ಮಿಲಿಟರೈಸ್’ಗೆ ನಿಘಂಟು ‘ಸೈನಿಕೀಕರಣ’ ಕೊಡುತ್ತದೆ. ಅದನ್ನು ಓದಿದವರು ಇಡೀ ದೇಶಕ್ಕೇ ಬಂದೂಕು ಹಂಚಿದರೇನೋ ಅಂದುಕೊಂಡಾರು.

‘ಡ್ರಾಫ್ಟ್’ ಪದವನ್ನಂತೂ ಮುಟ್ಟುವುದಿಲ್ಲ, ಅದು ಬ್ಯಾಂಕಿಗೋ ಕರಡಿಗೋ ಹೋಗುತ್ತದೆ. ‘ಕಡ್ಡಾಯ ಭರ್ತಿ’ ಸಾಕು.

ಉಳಿದದ್ದು ‘ಸಿವಿಲಿಯನ್’. ಪತ್ರಿಕೆಗಳ ‘ನಾಗರಿಕ’ ಸುದ್ದಿಗೆ ಸರಿ, ಆದರೆ ‘ನಾಗರಿಕ ಬೋಧಕ’ ಅಂದರೆ ಸೇನೆಯ ಬೋಧಕ ಅನಾಗರಿಕನೇ? ‘ಸೇನೇತರ ಬೋಧಕ’ ನನಗೆ ಹಿಡಿಸಿದೆ. ಮೀಸಲು ಪಟ್ಟಿಗೆ ಹೋದ ಮೇಲೂ ಅವನನ್ನು ಹಾಗೆ ಕರೆಯಬಹುದೇ ಎಂಬುದೇ ಅನುಮಾನ.

ಸದ್ಯದ ವಾಕ್ಯ ಹೀಗಿದೆ: ‘ಸೇನೇತರ ಬೋಧಕರ ಹೆಸರನ್ನು ಮೀಸಲು ಪಟ್ಟಿಗೆ ಸೇರಿಸಿಕೊಂಡರೂ ಸೇವೆಗೆ ಕರೆಯಲಿಲ್ಲ.’ ಇದಕ್ಕಿಂತ ಚಿಕ್ಕದಾಗಿ ಹೇಳಲು ಬರುತ್ತದೆಯೇ? ಮನೆಯಲ್ಲಿ ಮಿಲಿಟರಿಯವರಿದ್ದರೆ, ‘ರಿಸರ್ವ್‌ನಲ್ಲಿದ್ದಾನೆ’ ಅನ್ನುವುದನ್ನು ಅವರು ಕನ್ನಡದಲ್ಲಿ ಹೇಗೆ ಹೇಳುತ್ತಾರೆಂದು ದಯವಿಟ್ಟು ಕೇಳಿ ತಿಳಿಸಿ.